ಬಾವಿಕಟ್ಟೆಯ ಮಲ್ಲಿಗೆ

ಕುಮಟಾ, ಹಾಸ್ಟೆಲ್
೧೪ ಫೆಬ್ರುವರಿ ೨೦೨೫

ಪ್ರೀತಿಯ ಅಪ್ಪಾ,

ಫೋನ್ ಇರುವಾಗ ಕಾಗದ ಬರೆಯುತ್ತಿದ್ದೇನೆ, ಸಿಟ್ಟು ಮಾಡಬೇಡ. ಫೋನಿನಲ್ಲಿ ಅಮ್ಮನ ಹೆಸರು ಬಂದರೆ ನಾವಿಬ್ಬರೂ ಮಾತು ಬದಲಿಸುತ್ತೇವೆ. ರತ್ನಾಗಿರಿಯ ಬೋಟಿನಲ್ಲಿ ಊಟ ಸರಿಯಾಗುತ್ತಿದೆಯೇ? ಹಗ್ಗ ಕೊಯ್ದ ಅಂಗೈ ವಾಸಿಯಾಯಿತೇ? ನಾನು ಆರಾಮ, ಇಂಗ್ಲಿಷ್ ಕ್ಲಾಸಿನಲ್ಲಿ ಮಾತ್ರ ಇನ್ನೂ ಹಿಂದಿನ ಬೆಂಚೇ.

ನಮ್ಮೂರು ಮುಟ್ಟಳ್ಳಿಯಲ್ಲಿ ಮಲ್ಲಿಗೆ ಗಿಡಗಳ ಎಲೆ ಹಳದಿಯಾಗಿ ಮೊಗ್ಗು ಉದುರುತ್ತಿದೆ. ನಮ್ಮದಷ್ಟೇ ಅಲ್ಲ, ಹೂವನ್ನೇ ನಂಬಿದ ಪಕ್ಕದ ಮನೆ ಬಂಗಾರಿ ಅಕ್ಕನದೂ. ನಮಗೆ ವಿಜ್ಞಾನ ಕಲಿಸುವ ಅನೂಪ ಸರ್ ಒಂದು ಮದ್ದು ಕೊಟ್ಟು, ಇದು ಕೆಲಸ ಮಾಡುತ್ತದೆಯೇ ಎಂದು ನೋಡುವುದೇ ನಿನ್ನ ಪ್ರಾಜೆಕ್ಟ್ ಎಂದರು. ಬಾವಿಯ ಸಾಲಿಗೆ ಮದ್ದು, ಬೇಲಿಯ ಸಾಲಿಗೆ ಇಲ್ಲ ಎಂದು ನಾನು ಪ್ಲಾನ್ ಮಾಡಿದ್ದೆ. "ಬಾವಿ ಹತ್ರ ಎಂತ ಚೆಲ್ತೀರಿ?" ಎಂದರು ಸರ್. ಮೀನು ತೊಳೆದ ನೀರು ಎಂದೆ. "ಹಂಗಾರೆ ಹೂ ಮದ್ದಿಂದ ಬಂತೋ, ಮೀನಿಂದ ಬಂತೋ?"

ನೆನಪಿದೆಯಾ, ಆ ನೀರಿಗಾಗಿ ಅಜ್ಜಿ ಅಮ್ಮನಿಗೆ ಬಯ್ಯುತ್ತಿದ್ದುದು? "ದೇವರ ಮುಡಿಗೆ ಹೋಗೋ ಹೂವಿಗೆ ಮೀನ್ ನೀರು ಎಂತಕ್ಕೆ?" ಅಮ್ಮ ತಲೆ ಎತ್ತದೆ, "ವಾಸನೆ ಬಂದ್ರೆ ದೇವರೇ ಹೇಳ್ಲಿ, ನೀವ್ ಸುಮ್ನಿರಿ ಅತ್ತೆ" ಎನ್ನುತ್ತಿದ್ದಳು. ಅಮ್ಮ ಹೋದ ಮೇಲೆ ಅಜ್ಜಿಯೇ ಆ ನೀರನ್ನು ಅದೇ ಬುಡಕ್ಕೆ ಚೆಲ್ಲುತ್ತಾಳೆ.

ಈಗ ಪ್ಲಾನ್ ಬದಲಾಗಿದೆ. ಒಂದೇ ನೀರು, ಒಂದೇ ಬಿಸಿಲು ಬೀಳುವ ಅಕ್ಕಪಕ್ಕದ ಗಿಡಗಳು ಒಂದು ಜೋಡಿ. ಜೋಡಿಯಲ್ಲಿ ಒಂದಕ್ಕೆ ಮಾತ್ರ ಮದ್ದು. ಯಾವುದಕ್ಕೆ ಎಂದು ಚೀಟಿ ಎತ್ತಬೇಕು. ನಾವೇ ಆರಿಸಿದರೆ ಕೈ ಪ್ರೀತಿಯ ಗಿಡದ ಕಡೆಗೇ ಹೋಗುತ್ತದೆಯಂತೆ.

ಅಂಗೈಗೆ ಎಣ್ಣೆ ಹಚ್ಚಿಕೋ. ಬೋಟಿನವರಿಗೆಲ್ಲ ಕೇಳಿದೆನೆಂದು ಹೇಳು.

ನಿನ್ನ ಮಗಳು,
ಚಂದನಾ

ಮರೆತದ್ದು: ಕಳೆದ ಭಾನುವಾರ ಊರಿಗೆ ಹೋದಾಗ ಚೀಟಿಯನ್ನು ಅಜ್ಜಿಯಿಂದ ಎತ್ತಿಸಿದೆ. ಬಾವಿಕಟ್ಟೆಯ ಗಿಡ, ಅಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟದ್ದು, ಮದ್ದಿಲ್ಲದ ಪಾಲಿಗೆ ಬಂತು. "ನನ್ನ ಕೈಲಿ ಎಂತಕ್ಕೆ ಎತ್ತಿಸ್ದೆ" ಎಂದು ಅಜ್ಜಿ ಒಳಗೆ ಹೋದಳು. ಪ್ರಾಜೆಕ್ಟ್ ಮುಗಿಯುವ ಮಳೆಗಾಲದವರೆಗೆ ಹಾಗೇ ಬಿಟ್ಟರೆ ಅದು ಉಳಿಯುವುದು ಕಷ್ಟ. ಚೀಟಿ ಬದಲಿಸುವಂತಿಲ್ಲ. ಬೇಕಾದರೆ ಆ ಜೋಡಿಯನ್ನೇ ಕೈಬಿಡು, ಆದರೆ ಉಳಿದವು ತೀರ ಕಡಿಮೆ, ಮದ್ದು ಹೊಡೆಯಬೇಕೋ ಬೇಡವೋ ಎಂದು ಬಂಗಾರಿ ಅಕ್ಕನಿಗೆ ಖಂಡಿತವಾಗಿ ಹೇಳಲಾಗದು ಎಂದರು ಸರ್. ಮದ್ದು ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಈ ಪ್ಲಾನ್ ಸರಿ, ಅಪ್ಪಾ. ನನ್ನ ಪ್ರಶ್ನೆ ಅಮ್ಮನ ಗಿಡ ಉಳಿಯುತ್ತದೆಯೇ ಎಂಬುದೊಂದೇ, ಅಮ್ಮ ನೆಟ್ಟದ್ದು ಅದೊಂದೇ, ಅದಕ್ಕೆ ಜೋಡಿ ಗಿಡ ಎಲ್ಲಿಂದ ತರಲಿ? ತಿಂಗಳ ಕೊನೆಗೆ ಮದ್ದು ಹೊಡೆಯಬೇಕು. ಆ ಗಿಡವನ್ನು ಎಂತ ಮಾಡಲಿ, ಬೇಗ ಉತ್ತರ ಬರೆ.