ಬಿಳಿ ಕಾಯಿಗೆ ಸಲ್ಲಬೇಕಿದ್ದ ಒಂಬತ್ತು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಈಗ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂರುತ್ತೀಯಂತೆ, ಕಂಪ್ಯೂಟರ್ ಕಡೆ ತಲೆ ಹಾಕಿಯೂ ಮಲಗುವುದಿಲ್ಲವಂತೆ. ನಿನ್ನ ಅಕ್ಕ ಹೇಳಿದರು.

ಹೋದ ವಾರ ಪುಟ್ಟಿ ಅಟ್ಟದ ಮೇಲಿದ್ದ ಗೋ ಹಲಗೆ, ಅದೇ ಕರಿ ಬಿಳಿ ಕಾಯಿಟ್ಟು ಜಾಗ ಹಿಡಿಯುವ ಆಟದ್ದು, ಇಳಿಸಿಕೊಂಡು ಆಟ ಹೇಳಿಕೊಡು ಎಂದಳು. ಕರಿ ಕಾಯಿಯವರು ಮೊದಲು ಇಡುತ್ತಾರೆ, ಅದರಿಂದ ಅವರಿಗೆ ಲಾಭ, ಅದಕ್ಕೇ ಬಿಳಿಯವರಿಗೆ ಮೊದಲೇ ಒಂದಿಷ್ಟು ಅಂಕ ಕೊಟ್ಟಿರಬೇಕು ಎಂದೆ. ಕಮ್ಮಿ ಕೊಟ್ರೆ ಏನಾಗತ್ತಮ್ಮಾ ಎಂದಳು. ದಡ್ಡರಾಗಲಿ ಜಾಣರಾಗಲಿ, ಕರಿ ಹಿಡಿದವರೇ ಗೆಲ್ಲುತ್ತಾರೆ. ಯಾರು ಹೆಚ್ಚು ಎಂದು ಗೊತ್ತೇ ಆಗುವುದಿಲ್ಲ ಎಂದೆ.

ನಮ್ಮ ಪಂದ್ಯ ನಿನಗೆ ಮರೆತಿರಲಾರದು. ಆಫೀಸಿನಲ್ಲಿದ್ದದ್ದು ಗೋ ಆಡಲೆಂದು ನಾನು ಬರೆದ ಹಳೆಯ ಪ್ರೋಗ್ರಾಂ. ನೀನು ತಂಡ ಕಟ್ಟಿಕೊಂಡು ಆರು ವರ್ಷ ಕೂತು ಹೊಸದೊಂದು ಬರೆದೆ. ಎರಡನ್ನೂ ಎದುರುಬದುರು ಆಡಿಸುವುದೆಂದಾಯಿತು. ಏಳು ಗೆರೆಯ ಸಣ್ಣ ಹಲಗೆ, ಇನ್ನೂರು ಆಟ, ಬಣ್ಣ ಅದಲು ಬದಲು. ಹೊಸದು ಗೆಲ್ಲದಿದ್ದರೆ ಹಳೆಯದೇ ಇರಲಿ ಎಂದಿದ್ದರು ನಿರ್ದೇಶಕರು. ಬಿಳಿಗೆ ಎಷ್ಟು ಅಂಕ ಹಾಕೋಣ ಎಂದು ಅವರು ಕೇಳಿದಾಗ ನೀನು ನನ್ನ ಕಡೆ ಕೈ ತೋರಿಸಿ, ಅವಳೇ ಹಾಕ್ಲಿ ಬಿಡಿ, ಅವಳು ಹಾಕಿದ್ರೆ ಸರಿಯಾಗೇ ಇರತ್ತೆ ಎಂದೆ.

ನಾನು ಹಾಕಿದ್ದು ಆರೂವರೆ. ದೊಡ್ಡ ಹಲಗೆಯಲ್ಲಿ ಬಳಸುವ ಅಂಕ. ನಿನಗೆ ನೂರು, ನನಗೆ ನೂರು ಬಂತು. ಸಮ ಆಯ್ತಲ್ಲ, ಹೋಗಲಿ ಎಂದು ನೀನು ನಕ್ಕೆ. ಹಳೆಯದೇ ಉಳಿಯಿತು, ನಿನ್ನ ತಂಡವನ್ನು ಮುಚ್ಚಿದರು. ಆಮೇಲೆ ನಿನ್ನ ನಗು ನಿಂತಿತು, ಮಾತು ನಿಂತಿತು, ಕೊನೆಗೆ ಮನೆಗೆ ಬರುವುದೂ ನಿಂತಿತು.

ಈ ವಾರ ಎರಡೂ ಪ್ರೋಗ್ರಾಂಗಳನ್ನು ಹುಡುಕಿ ತೆಗೆದೆ. ಒಂದೊಂದನ್ನೂ ತನ್ನ ಜೊತೆಗೇ ಆಡಿಸಿ, ಯಾವ ಬಣ್ಣಕ್ಕೂ ಮೇಲುಗೈಯಾಗದ ಅಂಕ ಹುಡುಕಿದೆ. ನಾನು ಹಾಕಿದ್ದ ಆರೂವರೆ ಕಮ್ಮಿ; ಸರಿಯಾದದ್ದು ಒಂಬತ್ತು. ಅದನ್ನಿಟ್ಟು ಮತ್ತೆ ಇನ್ನೂರು ಆಟ ಆಡಿಸಿದೆ. ನೂರ ಇಪ್ಪತ್ತೈದು ಸಮ. ಉಳಿದದ್ದರಲ್ಲಿ ನಿನ್ನದು ಅರವತ್ತೊಂದು, ನನ್ನದು ಹದಿನಾಲ್ಕು. ಎಲ್ಲವನ್ನೂ ಬರೆದು ನಿನ್ನೆ ನಿರ್ದೇಶಕರ ಮೇಜಿನ ಮೇಲಿಟ್ಟು ಬಂದೆ. ಆ ಕೆಲಸವೇ ಈಗ ನಿಂತುಹೋಗಿದೆ, ಇದನ್ನ ಕಟ್ಕೊಂಡು ಏನ್ಮಾಡ್ಲಿ ಎಂದರು.

ನಿನ್ನದೇ ಹೆಚ್ಚಿನದಾಗಿತ್ತು. ನನ್ನ ತಪ್ಪೆಣಿಕೆಯಿಂದ ಅದು ಯಾರಿಗೂ ಕಾಣಲಿಲ್ಲ. ಪುಟ್ಟಿಗೂ ಹೇಳಿದ್ದೇನೆ. ಅವಳು ಹಲಗೆಯನ್ನು ತಿರುಗಿ ಅಟ್ಟಕ್ಕೆ ಹಾಕಿದಳು.

ನಿನ್ನವಳು ಎಂದು ಬರೆಯಲು ಕೈ ಬಾರದ,
ಪುಟ್ಟಿಯ ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಅದು ತಪ್ಪೆಣಿಕೆಯಲ್ಲ. ಆವತ್ತು ಮೊದಲ ಇಪ್ಪತ್ತು ಆಟ ಮುಗಿದಾಗ ಇಪ್ಪತ್ತರಲ್ಲೂ ಕರಿಯೇ ಗೆದ್ದಿತ್ತು. ನಾನು ನೋಡಿದೆ. ನಿಲ್ಲಿಸಬಹುದಿತ್ತು. ನೀನು ನನಗೆ ಟೀ ತರಲು ಹೋಗಿದ್ದೆ. ನೀನು ಬಾಗಿಲು ತಳ್ಳಿಕೊಂಡು ಒಳಗೆ ಬರುವಷ್ಟರಲ್ಲಿ ಆ ಲೆಕ್ಕವಿದ್ದ ಕಂಪ್ಯೂಟರ್ ಪರದೆಯನ್ನು ಮುಚ್ಚಿಬಿಟ್ಟಿದ್ದೆ.