ಬಟ್ಟಲಿಡುವ ಜಾಗ

ವೊಂಜು,
೧೯೭೯ ಡಿಸೆಂಬರ್ ೧೧, ಮಂಗಳವಾರ

ಮಿರಾನ್ ಅಪ್ಪನಿಗೆ,

ಆರೋಗ್ಯವಾಗಿದ್ದೀರಾ? ಬೆನ್ನಿನ ಬೆವರುಗುಳ್ಳೆ ಒಣಗಿತೇ? ಕುರಿಮಾಂಸ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಬರೆದಿದ್ದಿರಿ, ನಾನು ಕಳಿಸಿದ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿ ಸೌದಿಗೆ ತಲುಪಿತೇ? ಇಷ್ಟು ಕೇಳುವುದು ನನ್ನ ಧರ್ಮ, ಕೇಳಿದ್ದೇನೆ. ಮುಂದಿನದೆಲ್ಲ ಸಿಟ್ಟಿನಲ್ಲಿ ಬರೆದದ್ದು. ನೀವೂ ಹಾಗೆಂದು ತಿಳಿದೇ ಓದಿ.

ನಿಮ್ಮ ಪತ್ರ ಶನಿವಾರ ಬಂತು. ಮನೆ ಬೆಚ್ಚಗಿಡಲು ಯಾವ ವ್ಯವಸ್ಥೆ ಮಾಡಿಸಲಿ ಎಂದು ನಾನು ಅಕ್ಟೋಬರಿನಲ್ಲಿ ಮೂರು ಹಾಳೆ ಬರೆದು ಕೇಳಿದ್ದೆ. ಒಲೆಯ ಬಿಸಿ ಹೊಗೆ ಹಾಯ್ದು ನೆಲ ಬೆಚ್ಚಗಿಡುವ ನೆಲದಡಿಯ ಹೊಗೆದಾರಿ ನಿಮ್ಮ ತಾತನ ಕಾಲದ್ದು, ಕಲ್ಲುಗಳು ಸಡಿಲವಾಗಿ ನೆಲ ಬಿರುಕು ಬಿಟ್ಟಿದೆ ಎಂದಿದ್ದೆ. ಪಟ್ಟಣದ ಅಪಾರ್ಟ್‌ಮೆಂಟಿನವರ ಹಾಗೆ ಗೋಡೆಗೆ ಬಿಸಿನೀರು ಹರಿಯುವ ಕಬ್ಬಿಣದ ಕೊಳವೆಗಳ ಸಾಲು ಹಾಕಿಸಿದರೆ ನೆಲದ ಮೇಲೆ ಕೂತು ಮಲಗುವ ನಮಗೆ ಅದು ಏತಕ್ಕೂ ಬಾರದು, ಎಣ್ಣೆಯ ಬಾಯ್ಲರ್ ಹಾಕಿಸೋಣವೆಂದರೆ ಎಣ್ಣೆಯೆಲ್ಲ ನೀವಿರುವ ಊರಿನಲ್ಲೇ ಇದೆ, ಇಲ್ಲಿಲ್ಲ. ಹಾಗಾಗಿ ಇದ್ದಿಲ ಒಲೆಯನ್ನು ಅಂಗಳದಲ್ಲಿಟ್ಟು, ನೆಲದಡಿ ಬಿಸಿನೀರಿನ ಪೈಪು ಹಾಯಿಸುವುದೇ ಸರಿ ಎಂದು ಪಾಕ್ ಮೇಸ್ತ್ರಿಯನ್ನು ಕೇಳಿ ಬಿಡಿಸಿ ಬರೆದಿದ್ದೆ. ಹೊಗೆ ಹೊರಗೇ ಉಳಿಯುತ್ತದೆ, ಒಳಗೆ ಬರುವುದು ನೀರು ಮಾತ್ರ. ಅದಕ್ಕೆ ನಿಮ್ಮ ಉತ್ತರ ಎರಡು ಸಾಲು. "ಅಮ್ಮ ಹೇಳಿದ ಹಾಗೆ ಮಾಡು. ಉಳಿದದ್ದು ನಾನು ಬಂದ ಮೇಲೆ ನೋಡೋಣ." ಮರಳುಗಾಡಿನಲ್ಲಿ ಅಂಗಿ ಬಿಚ್ಚಿ ಕೂತವರು ವೊಂಜುವಿನ ಚಳಿಗೆ ತೀರ್ಪು ಕೊಟ್ಟಿರಿ.

ಅತ್ತೆ ಹೇಳಿದ್ದೇನೆಂದು ನಿಮಗೆ ಗೊತ್ತು, ಅವರು ಅದನ್ನು ಬೀದಿಗೆಲ್ಲ ಕೇಳುವಂತೆ ಹೇಳಿದ್ದರು. "ನೆಲ ಎಲ್ಲಾ ಕಡೆ ಒಂದೇ ಸಮ ಬೆಚ್ಚಗಾದ್ರೆ ದೊಡ್ಡೋರು ಎಲ್ಲಿ ಕೂರೋದಮ್ಮ? ನನ್ನ ಮಗನ ಬಟ್ಟಲು ಎಲ್ಲಿಡ್ಲಿ?" ಒಲೆಗೆ ಹತ್ತಿರದ, ಮನೆಯ ಹಿರಿಯರಿಗೆಂದೇ ಮೀಸಲಾದ ಆ ಬಿಸಿ ಮೂಲೆಯಲ್ಲಿ, ಹೊದಿಕೆಯ ಕೆಳಗೆ, ನಿಮ್ಮ ಪಾಲಿನ ಅನ್ನದ ಹಿತ್ತಾಳೆ ಬಟ್ಟಲು ಎರಡು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಮಗ ಪರದೇಶದಲ್ಲಿ ಹಸಿದಿರಬಾರದು ಎಂದು ಅವರು ಇಡುತ್ತಾರೆ, ನಾನೂ ಅಡ್ಡ ಬಂದವಳಲ್ಲ. ಆದರೆ ಬಟ್ಟಲಿಗೆ ಸಿಕ್ಕ ಮರ್ಯಾದೆ ಆ ನೆಲದ ಮೇಲೆ ಮಲಗುವವರಿಗೆ ಸಿಗಲಿಲ್ಲ.

ಇನ್ನು ಬರೆಯುವುದನ್ನು ನಿಮಗೆ ತಿಳಿಸಬಾರದೆಂದು ನಿಮ್ಮ ತಮ್ಮ ದಾಲ್ಸು ಹೇಳಿದ್ದ. ನವೆಂಬರ್ ಇಪ್ಪತ್ತೇಳರ ಬೆಳಿಗ್ಗೆ ಮಿರಾನ್‌ಳನ್ನು ಶಾಲೆಗೆ ಎಬ್ಬಿಸಲು ಹೋದೆ. ಮಗು ಅಲುಗಲಿಲ್ಲ. ತುಟಿ ಹಣ್ಣಿನ ಹಾಗೆ ಕೆಂಪಗಿತ್ತು, ಕೈ ಎತ್ತಿದರೆ ಹಾಗೇ ಕೆಳಗೆ ಬಿತ್ತು. ಪಕ್ಕದಲ್ಲಿ ಅತ್ತೆ ತಲೆ ಹಿಡಿದುಕೊಂಡು ಏಳಲಾರದೆ ಒದ್ದಾಡುತ್ತಿದ್ದರು. ಇದ್ದಿಲ ಗ್ಯಾಸು. ನೆಲದ ಬಿರುಕಿನಿಂದ ಸದ್ದಿಲ್ಲದೆ ಮೇಲೆ ಬಂದಿತ್ತು. ಇಬ್ಬರನ್ನೂ ಎಳೆದು ಅಂಗಳದ ಮಂಜಿನ ಮೇಲೆ ಹಾಕಿದೆ. ದಾಲ್ಸು ಮಾಡಿದ್ದೇನು ಗೊತ್ತೇ? ವೈದ್ಯರ ಹತ್ತಿರ ಓಡಲಿಲ್ಲ, ಕಿಮ್ಚಿ ಜಾಡಿಯತ್ತ ಓಡಿದ. "ಅತ್ತಿಗೆ, ಮೂಲಂಗಿ ಕಿಮ್ಚಿ ನೀರು ಕುಡಿಸಿ, ಎಲ್ರೂ ಅದನ್ನೇ ಕುಡಿಸೋದು, ಸರಿ ಹೋಗುತ್ತೆ." ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ಹುಳಿನೀರು ಸುರಿಯಲು ಹೊರಟವನ ಕೈಯಿಂದ ಬಟ್ಟಲು ಕಿತ್ತು ಎಸೆದು, ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದೆ. ಅತ್ತೆ ಹೊರಗಿನ ಗಾಳಿಗೆ ಚೇತರಿಸಿಕೊಂಡರು, ಮಿರಾನ್ ಸಂಜೆ ಕಣ್ಣು ಬಿಟ್ಟಳು. ಈಗ ಚೆನ್ನಾಗಿದ್ದಾಳೆ, ಹೆದರಬೇಡಿ. ನಾನು ಹೆದರಿದ್ದು ಸಾಕು.

ಮಾರನೆಯ ದಿನ ದಾಲ್ಸು ಬಿರುಕಿನ ಮೇಲೆ ಎಣ್ಣೆಕಾಗದ ಎರಡು ಪದರ ಅಂಟಿಸಿ ಕೈ ಒರೆಸಿಕೊಂಡ. "ಇನ್ನು ಸೊಳ್ಳೆ ಉಸಿರೂ ಮೇಲೆ ಬರಲ್ಲ, ಅತ್ತಿಗೆ." ಕಾಗದ ಅಂಟಿಸಿ ನನ್ನ ಮಗಳನ್ನು ಅದರ ಮೇಲೆ ಮಲಗಿಸಬೇಕಂತೆ. ಅಂದಿನಿಂದ ಅತ್ತೆ, ಮಿರಾನ್, ನಾನು ಮೂವರೂ ಒಲೆಯಿಲ್ಲದ ಎದುರು ಕೋಣೆಯಲ್ಲಿ ಅಂಟಿಕೊಂಡು ಮಲಗುತ್ತಿದ್ದೇವೆ. ಅತ್ತೆ ಮಾತೇ ಆಡುತ್ತಿಲ್ಲ. ಅವರು ಮುನಿಸಿಕೊಂಡಿದ್ದಾರೆಂದೇ ನನ್ನ ಲೆಕ್ಕ, ಮುನಿಸಿಕೊಳ್ಳಲಿ.

ನೀವು ಪತ್ರ ಬರೆದಾಗ ಇದೆಲ್ಲ ನಡೆದಿರಲಿಲ್ಲ, ನನಗೆ ಗೊತ್ತು. ಆದರೂ ಸಿಟ್ಟು ಇಳಿಯುತ್ತಿಲ್ಲ. ಮೂರು ಹಾಳೆಯಲ್ಲಿ ಬಿರುಕಿನ ವಿಷಯ ಎರಡು ಸಲ ಬರೆದಿದ್ದೆ. ಗುರುವಾರ ಪಾಕ್ ಮೇಸ್ತ್ರಿ ಬರುತ್ತಾರೆ, ನೆಲ ಅಗೆಸುತ್ತೇನೆ. ನೀವು ಒಪ್ಪಿದರೂ ಸರಿ, ಬಿಟ್ಟರೂ ಸರಿ. ನಿಮ್ಮಮ್ಮ ಆ ಮೂಲೆಯಲ್ಲಿ ಅಡ್ಡ ಕೂತರೆ ಚಾಪೆಸಮೇತ ಎತ್ತಿ ಆಚೆ ಕೂರಿಸುತ್ತೇನೆ.

ಬಿಸಿಲಿಗೆ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಎಷ್ಟೇ ಸಿಟ್ಟಿದ್ದರೂ ಅದನ್ನು ಹೇಳದೆ ಪತ್ರ ಮುಗಿಸಲು ಬರುವುದಿಲ್ಲ. ಮಿರಾನ್ ಒಂಟೆಯ ಚಿತ್ರ ಕೇಳಿದ್ದಾಳೆ.

ನಿಮ್ಮ ಮನೆಯಾಕೆ,
ಬೊಂಗ್‌ನಿಮ್

ಆಮೇಲೆ ಸೇರಿಸಿದ್ದು: ಅಂಚೆಗೆ ಹಾಕುವುದು ತಡವಾಯಿತು, ಇವತ್ತು ಗುರುವಾರ. ಮೇಸ್ತ್ರಿ ಬಂದಾಗ ಅತ್ತೆ ಆ ಮೂಲೆಯಲ್ಲೇ ನಿಂತಿದ್ದರು. ನಾನು ಜಗಳಕ್ಕೆ ತೋಳೇರಿಸಿದೆ. ಅವರು ನನ್ನ ಮುಖ ನೋಡಲಿಲ್ಲ. "ಆವತ್ತು ಮಗೂಗೆ ನೆಗಡಿ ಆಗಿತ್ತು ಅಂತ ನನ್ನ ಜಾಗದಲ್ಲಿ ನಾನೇ ಮಲಗಿಸಿದ್ದು. ಬಿರುಕು ಅಲ್ಲೇ ಇತ್ತು ಕಣಮ್ಮ" ಎಂದರು. ಹಿತ್ತಾಳೆ ಬಟ್ಟಲನ್ನು ತೆಗೆದು ಮಿರಾನ್ ಕೈಗೆ ಕೊಟ್ಟು, ಉಣ್ಣು ಎಂದರು. ಅಮ್ಮ ಹೇಳಿದ ಹಾಗೆ ಮಾಡು ಎಂದು ಬರೆದಿದ್ದಿರಲ್ಲ, ಹಾಗೇ ಮಾಡುತ್ತಿದ್ದೇನೆ. ಮೇಸ್ತ್ರಿಯ ಗುದ್ದಲಿ ಇಸಿದುಕೊಂಡು, ಬಟ್ಟಲಿದ್ದ ಜಾಗಕ್ಕೆ ಮೊದಲ ಏಟು ಹಾಕಿದ್ದು ನಿಮ್ಮಮ್ಮನೇ.