ಶನಿವಾರದ ಒಗೆತಕ್ಕೆ ಮುಂಚೆ

ಚಿಸ್‌ಹೋಮ್, ಮಿನೆಸೋಟ
ಶುಕ್ರವಾರ ಬೆಳಗ್ಗೆ

ಯಾರ ಮಾತೂ ಕೇಳದ ನನ್ನ ಅಪ್ಪನಿಗೆ,

ಮೊದಲು ಕೆಲಸದ ಮಾತು. ನಾಳೆ ಶನಿವಾರ, ನೀನು ಬಟ್ಟೆ ಒಗೆಯುವ ದಿನ. ನಾಳೆ ಬಟ್ಟೆ ಒಣಗಿಸುವ ನಿನ್ನ ಡ್ರೈಯರ್ ಹಾಕಬೇಡ. ಅದರ ಹೊಗೆ ಕೊಳವೆಯನ್ನು ಗೋಡೆಯಿಂದ ಕಿತ್ತು, ಬಿಸಿಗಾಳಿ ಮನೆಯೊಳಗೇ ಸುತ್ತಲಿ ಅಂತ ಒಂದು ಪ್ಲಾಸ್ಟಿಕ್ ಪೆಟ್ಟಿಗೆಗೆ ಸಿಕ್ಕಿಸಿ, ಪೆಟ್ಟಿಗೆಯ ಬಾಯಿಗೆ ಅಮ್ಮನ ಹಳೇ ನೈಲಾನ್ ಕಾಲುಚೀಲ ಕಟ್ಟಿದ್ದೀಯಲ್ಲ, ಅದು ಅಲ್ಲಿಂದ ಹೋಗುವ ತನಕ ಆ ಯಂತ್ರವನ್ನು ಮುಟ್ಟಬೇಡ. ಒದ್ದೆ ಬಟ್ಟೆ ಕುರ್ಚಿಗಳ ಮೇಲೆ ಹರವಿಕೋ. ಇಷ್ಟು ಓದಿ ಮಿಕ್ಕಿದ್ದನ್ನು ಒಲೆಗೆ ಹಾಕಿದರೂ ನನಗೆ ಬೇಜಾರಿಲ್ಲ.

ಆದರೆ ನೀನು ಹಾಗೆ ಮಾಡುವವನಲ್ಲ. ಎಲ್ಲಿ ಬೈದಿದ್ದೇನೆ ಅಂತ ಹುಡುಕಿಕೊಂಡಾದರೂ ಕೊನೆವರೆಗೆ ಓದುತ್ತೀಯ. ಓದು. ಬೇಕಾದಷ್ಟು ಬೈದಿದ್ದೇನೆ.

ಫೋನಿನಲ್ಲಿ ಹೇಳೋಣ ಅಂದರೆ 'ಡ್ರೈಯರ್' ಅನ್ನುವ ಮಾತು ನನ್ನ ಬಾಯಿಂದ ಬಂದ ಕೂಡಲೇ ಕಟ್ ಮಾಡುತ್ತೀಯ. ಮೊನ್ನೆ ಆಸ್ಪತ್ರೆಯಿಂದಲೇ ಮಾಡಿದ್ದೆ. ನನ್ನ ಗಂಡ ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿಕೊಂಡು ಮಲಗಿದ್ದ. ನೀನು ಹೇಳಿದ್ದೇನು ಗೊತ್ತಾ? "ಗ್ಯಾಸು ಸ್ವಚ್ಛವಾಗಿ ಉರಿಯುತ್ತೆ ಕಣೇ. ನಿನ್ನ ನಿದ್ದೆ ಸಾಹೇಬನಿಗೆ ರಾತ್ರಿ ಕುಡಿದಿದ್ದು ಇಳಿದಿಲ್ಲ, ಅಷ್ಟೆ." ಆಮೇಲೆ ನೀನೇ ಫೋನ್ ಇಟ್ಟುಬಿಟ್ಟೆ. ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ಫೋನ್ ಹಿಡಿದುಕೊಂಡು ನಿಂತೇ ಇದ್ದೆ.

ನವೆಂಬರಿನಲ್ಲಿ ನೀನು ನಿನ್ನ ಉಪಕರಣದ ಪೆಟ್ಟಿಗೆ ಹೊತ್ತು ನಮ್ಮ ನೆಲಮಾಳಿಗೆಗೆ ಇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. "ದುಡ್ಡು ಕೊಟ್ಟು ಕಾಯಿಸಿದ ಗಾಳೀನ ಹೊರಗೆ ಹಿಮಕ್ಕೆ ಬಿಡ್ತೀರಲ್ಲ, ನಿಮಗೇನು ತಲೆ ನೆಟ್ಟಗಿದೆಯಾ?" ಅಂದೆ. ಪೆಟ್ಟಿಗೆ ಕೂರಿಸಿದೆ. ಕಾಲುಚೀಲ ಕಟ್ಟಿದೆ. ಕೆಳಗೆ ಬೆಚ್ಚಗಾಯಿತು, ಕಿಟಕಿ ಮೇಲೆ ಹಬೆ ಕೂತಿತು, ನೀನು ಮೀಸೆ ಕುಣಿಸಿದೆ. ಹಳೇ ಮನೆಯಲ್ಲಿ ಅಮ್ಮ ಇದ್ದಾಗಲೂ ಹೀಗೇ ಮಾಡಿಕೊಂಡಿದ್ದೆವು, ಏನಾಗಿತ್ತು ಅಂತ ಕೇಳಿದೆ. ಏನೂ ಆಗಲಿಲ್ಲ ಅಪ್ಪ, ಯಾಕೆಂದರೆ ಆ ಮನೆಯಲ್ಲಿ ಇದ್ದದ್ದು ಕರೆಂಟಿನ ಡ್ರೈಯರ್. ಅದರಿಂದ ಬರುವುದು ಬರೀ ಬಿಸಿಗಾಳಿ. ನಮ್ಮದು ಗ್ಯಾಸಿನದು, ಅದರಲ್ಲಿ ನಿಜವಾದ ಬೆಂಕಿ ಉರಿಯುತ್ತೆ. ಬೆಂಕಿ ಇದ್ದ ಮೇಲೆ ಹೊಗೆಯೂ ಇರುತ್ತೆ, ಕಣ್ಣಿಗೆ ಕಾಣದಿದ್ದರೂ. ಮೂವತ್ತು ವರ್ಷ ಗಣಿಯಲ್ಲಿ ಬೆಸುಗೆ ಕೆಲಸ ಮಾಡಿದವನಿಗೆ ಇದನ್ನು ಮಗಳು ಹೇಳಿಕೊಡಬೇಕಾ?

ಅಲ್ಲಿಂದ ಶುರುವಾಯಿತು ಡಾರೆಲ್‌ನ ತಲೆನೋವು. ಅವನು ರಾತ್ರಿಯೆಲ್ಲಾ ಗಣಿಯಲ್ಲಿ ಮನೆಯಷ್ಟು ದೊಡ್ಡ ಲಾರಿ ಓಡಿಸಿ ಬಂದು ಹಗಲು ಮಲಗುವವನು. ಕತ್ತಲಿರುತ್ತೆ, ಸದ್ದಿರಲ್ಲ ಅಂತ ಮಲಗುವುದು ನೆಲಮಾಳಿಗೆಯಲ್ಲಿ, ಡ್ರೈಯರ್ ಕೋಣೆಯ ಪಕ್ಕದಲ್ಲೇ. ನಾನು ಬಟ್ಟೆ ಒಣಗಿಸುವುದೂ ಹಗಲು ಹೊತ್ತಿನಲ್ಲೇ. ನಮ್ಮ ಮಗಳು ಕಾರಿನ್ ಮಂಜುಗಡ್ಡೆ ಮೇಲೆ ಹಾಕಿ ಆಡುವ ತಂಡಕ್ಕೆ ಸೇರಿದ ಮೇಲಂತೂ ಇಡೀ ತಂಡದ ಅಂಗಿಗಳು ನನ್ನ ಪಾಲಿಗೆ ಬಂದವು, ಯಂತ್ರ ನಿಲ್ಲುತ್ತಲೇ ಇರಲಿಲ್ಲ. ವಿಷಗಾಳಿ ಬಂದರೆ ಕೂಗಿಕೊಳ್ಳುವ ಅಲಾರಂ ಇದೆಯಲ್ಲ ಅಂತ ನೀನು ಕೇಳಬಹುದು. ಇದೆ. ಮಹಡಿ ಮೇಲೆ, ಮಲಗುವ ಕೋಣೆಗಳ ಹೊರಗೆ. ನೆಲಮಾಳಿಗೆಯೂ ಮಲಗುವ ಕೋಣೆ ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವನು ಎದ್ದರೆ ತಲೆ ಹಿಡಿದುಕೊಳ್ಳುತ್ತಿದ್ದ. ಊಟ ಸೇರುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದ. ಕ್ರಿಸ್‌ಮಸ್ ಊಟಕ್ಕೆ ಎಲ್ಲರೂ ಕೂತಿದ್ದಾಗ ಅವನು ತಟ್ಟೆ ಸರಿಸಿ ಎದ್ದು ಹೋದ, ನೆನಪಿದೆಯಾ? "ನಮ್ಮ ಕಾಲದಲ್ಲಿ ಎರಡು ಪಾಳಿ ಮಾಡಿ ಬಂದು ಮನೆ ಮುಂದಿನ ಹಿಮ ಎತ್ತುತ್ತಿದ್ದೆವು. ಈಗಿನವರಿಗೆ ಮಂಚ ಇಳಿಯೋದೇ ಒಂದು ಪಾಳಿ" ಅಂತ ನೀನು ಅವನ ಬೆನ್ನಿಗೆ ಕೇಳುವ ಹಾಗೆ ಅಂದೆ. ಎಲ್ಲರೂ ನಕ್ಕರು. ಅವನು ಕೇಳಿಸಿಕೊಂಡ, ತಿರುಗಿ ನೋಡಲಿಲ್ಲ. ಅದಾದ ಮೇಲೆ ಗಣಿಯಲ್ಲಿ ಲಾರಿಯನ್ನು ಮಣ್ಣಿನ ದಿಬ್ಬಕ್ಕೆ ಗುದ್ದಿದ. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗು ಅಂತ ಮೇಲಿನವರು ಹೇಳಿ ಕಳಿಸಿದರು. ಆ ವಿಷಯ ನಿನಗೆ ನಾನು ಹೇಳಿಲ್ಲ. ಹೇಳಿದ್ದರೆ ಅದಕ್ಕೂ ಒಂದು ನಗೆಚಾಟಿಕೆ ಮಾಡುತ್ತಿದ್ದೆ.

ಇಷ್ಟರಲ್ಲಿ ಡ್ರೈಯರ್ ಕೂಡ ಕೈಕೊಟ್ಟಿತು. ಮೊದಲ ಸಲ ಹಾಕಿದ ಬಟ್ಟೆ ಒಣಗುತ್ತೆ, ಎರಡನೇ ಸಲ ಹಾಕಿದ್ದು ತಣ್ಣಗೆ ತಿರುಗುತ್ತಲೇ ಇರುತ್ತೆ. ರಿಪೇರಿಯವರನ್ನು ಕರೆಯುತ್ತೇನೆ ಅಂದರೆ ನೀನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಬಾಗಿಲಿಗೆ ಬಂದು ನಿಂತಿದ್ದಕ್ಕೇ ತೊಂಬತ್ತು ಡಾಲರ್ ಕೇಳ್ತಾರೆ, ಹಗಲು ದರೋಡೆ" ಅಂದೆ. ಬೆಂಕಿ ಹೊತ್ತಿಸುವ ಕಡ್ಡಿ ಹೋಗಿದೆ ಅಂತ ನೀನೇ ತೀರ್ಪು ಕೊಟ್ಟು, ನೀನೇ ತರಿಸಿ, ನೀನೇ ಹಾಕಿದೆ. ಸರಿಹೋಗಲಿಲ್ಲ. ಮಾಲು ಕಳಪೆ ಅಂತ ಇನ್ನೊಂದು ತರಿಸಿದೆ. ಅದು ನಿನ್ನ ಕೈಯಲ್ಲೇ ಮುರಿಯಿತು. ಮೂರನೆಯದನ್ನೂ ತರಿಸಿದೆ. ಮೂರಕ್ಕೂ ದುಡ್ಡು ಕೊಟ್ಟವಳು ನಾನು. ಕಡ್ಡಿಗೆ ಏನೂ ಆಗಿರಲೇ ಇಲ್ಲ ಅಪ್ಪ. ಅದು ಕೆಂಪಗೆ ಕಾಯುತ್ತಲೇ ಇತ್ತು, ಬೇಕಾದರೆ ನೀನೇ ಇಣುಕಿ ನೋಡಬಹುದಿತ್ತು. ಗ್ಯಾಸ್ ಬಿಡುವ ಕವಾಟದ ಮೇಲೆ ತಂತಿ ಸುತ್ತಿದ ಎರಡು ಪುಟ್ಟ ಕಾಯಿಲ್ ಇರುತ್ತವಂತೆ. ಹಳೆಯದಾದ ಮೇಲೆ ಬಿಸಿಯೇರಿದರೆ ಅವು ಸುಸ್ತಾಗಿ ಕವಾಟ ತೆರೆಯುವುದಿಲ್ಲವಂತೆ. ಅದಕ್ಕೇ ಮೊದಲ ಸಲ ಬಿಸಿ, ಎರಡನೇ ಸಲ ತಣ್ಣಗೆ. ನೀನು ತರಿಸಿದ ಒಂದು ಕಡ್ಡಿಯ ಬೆಲೆಗೆ ಎರಡೂ ಕಾಯಿಲ್ ಬರುತ್ತಿದ್ದವು.

ಇದನ್ನೆಲ್ಲ ಹೇಳಿದವಳು ರಿಪೇರಿಯ ಬೆವ್. ಹೌದು, ನಿನಗೆ ತಿಳಿಸದೆ ಕರೆಸಿದೆ. ದೊಡ್ಡ ಗಂಟಲಿನ ಹೆಂಗಸು. ಬೂಟಿನ ಹಿಮ ಕೊಡವದೆ ಒಳಗೆ ಬಂದಳು. ಮೇಜಿನ ಮೇಲಿದ್ದ ಅಕ್ರೋಟಿನ ರೊಟ್ಟಿ ನೋಡಿ "ಇದು ಯಾರಿಗೆ?" ಅಂತ ಕೇಳಿ, ಉತ್ತರ ಬರುವ ಮೊದಲೇ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ನನಗೆ ಕೋಪ ಬಂದಿತ್ತು. ಬೆಳಗ್ಗೆ ನಾನು ಒಂದು ಸಲದ ಬಟ್ಟೆ ಒಣಗಿಸಿ ಮುಗಿಸಿದ್ದೆ. ಅವಳು ಅಗಿಯುತ್ತಾ ಮೆಟ್ಟಿಲು ಇಳಿದಳು. ಅರ್ಧ ಇಳಿದಿದ್ದಾಳೆ, ಅವಳ ಬೆಲ್ಟಿಗೆ ಸಿಕ್ಕಿಸಿದ್ದ, ವಿಷಗಾಳಿ ಪತ್ತೆ ಮಾಡುವ ಪುಟ್ಟ ಯಂತ್ರ ಕಿರುಚತೊಡಗಿತು. ಅವಳು ಅಗಿಯುವುದು ನಿಲ್ಲಿಸಿದಳು. ಪೆಟ್ಟಿಗೆ ನೋಡಿದಳು, ಕಾಲುಚೀಲ ನೋಡಿದಳು.

"ಈ ಬಾಗಿಲ ಹಿಂದೆ ಏನಮ್ಮ ಇದೆ?" ಅಂದಳು.

"ನನ್ನ ಗಂಡ ಮಲಗಿದ್ದಾನೆ."

ಅವಳು ನನ್ನನ್ನು ಪಕ್ಕಕ್ಕೆ ತಳ್ಳಿ ಬಾಗಿಲು ಒದ್ದಳು. ಡಾರೆಲ್ ಕರೆದರೆ ಓಗೊಡಲಿಲ್ಲ. ಮುಖ ನೋಡಿದರೆ ಆರೋಗ್ಯವಂತನ ಹಾಗೆ ಕೆಂಪಗಿತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಇಬ್ಬರೂ ಕಂಕುಳಿಗೆ ಕೈಹಾಕಿ ಅವನನ್ನು ಮೆಟ್ಟಿಲ ಮೇಲೆ ಎಳೆದೆವು. ಒಳಚಡ್ಡಿಯಲ್ಲೇ ಹೊರಗೆ ಹಿಮದ ಮೇಲೆ ಕೂರಿಸಿದೆವು. ಅವನು ಹಿಮದಲ್ಲಿ ಕೈ ಊರಿಕೊಂಡು, "ಮಾರ್ಲಿಸ್, ಪಾಳಿಗೆ ಹೊತ್ತಾಯ್ತಾ?" ಅಂತ ಕೇಳಿದ. ಅಪ್ಪ, ನೀನು ಸೋಮಾರಿ ಅಂತ ಹೆಸರಿಟ್ಟವನು ಸಾಯುವ ಸ್ಥಿತಿಯಲ್ಲಿ ಕೇಳಿದ್ದು ಅದು.

ಇನ್ನೊಂದು ಗಂಟೆ ಅಲ್ಲೇ ಮಲಗಿದ್ದಿದ್ದರೆ ಅವನು ಏಳುತ್ತಿರಲಿಲ್ಲ ಅಂತ ರಕ್ತ ಪರೀಕ್ಷೆ ಮಾಡಿದ ವೈದ್ಯೆ ಅಂದರು. ಕುಡಿತದ ಸುಳಿವೂ ಇರಲಿಲ್ಲ. ನೀನು ಕೇಳುತ್ತೀಯ ಅಂತ ನಾನೇ ಕೇಳಿ ತಿಳಿದುಕೊಂಡೆ.

ಮರುದಿನ ಬೆವ್ ಮತ್ತೆ ಬಂದಳು. ಮೊದಲು ಕೊಳವೆಯನ್ನು ಗೋಡೆಯಿಂದ ಆಚೆ ಬಿಟ್ಟು, ಆಮೇಲೆ ಮಾತ್ರ ಯಂತ್ರಕ್ಕೆ ಕೈ ಹಾಕಿದಳು. ಒಳಗಿನಿಂದ ಬಟ್ಟೆಯ ಜುಂಗು ಒಂದು ದಿಂಬಿಗಾಗುವಷ್ಟು ತೆಗೆದಳು. ಉರಿಗೆ ಗಾಳಿಯೇ ಸಿಗದೆ ನೀಲಿ ಇರಬೇಕಾದದ್ದು ಹಳದಿಯಾಗಿತ್ತು, ವಿಷ ಹುಟ್ಟಿದ್ದು ಅದರಿಂದ. ಜುಂಗು ಹಿಡಿಯುವ ಜಾಲರಿಯ ಮೇಲೆ ನೀರು ಹಾಕಿ ತೋರಿಸಿದಳು, ನೀರು ಇಳಿಯದೆ ತಟ್ಟೆಯಲ್ಲಿದ್ದ ಹಾಗೆ ನಿಂತಿತು. ನಾನು ಬಟ್ಟೆ ಜೊತೆ ಹಾಕುವ ಸುವಾಸನೆ ಹಾಳೆಯ ಮೇಣ ಮೆತ್ತಿಕೊಂಡಿತ್ತು. ಸೋಪಿನ ನೀರಲ್ಲಿ ಬ್ರಷ್ ಹಾಕಿ ತಿಕ್ಕಬೇಕಂತೆ. ವರ್ಷಕ್ಕೊಮ್ಮೆ ಕೊಳವೆ ಪೂರ್ತಿ ಬಿಚ್ಚಿ ಶುಚಿ ಮಾಡಬೇಕಂತೆ. ಬರೀ ಇಷ್ಟು ಮಾಡಿಕೊಂಡಿದ್ದರೆ ತನ್ನಂಥವರನ್ನು ಕರೆಯುವ ಕೆಲಸವೇ ಬೀಳಲ್ಲ ಅಂದಳು. ನಿನ್ನ ದರೋಡೆಯ ತೊಂಬತ್ತು ಡಾಲರ್ ಇದೆಯಲ್ಲ, ರಿಪೇರಿ ಅವಳ ಕೈಯಲ್ಲೇ ಮಾಡಿಸಿದರೆ ಅದು ಕೂಲಿಯೊಳಗೇ ಸೇರಿಹೋಗುತ್ತೆ. ಖರ್ಚು ಹೊಸ ಯಂತ್ರದ ಅರ್ಧ ಬೆಲೆ ದಾಟಿದರೆ ರಿಪೇರಿ ಬೇಡ, ಎಸೆಯಿರಿ ಅಂತ ಅವಳೇ ಹೇಳುತ್ತಾಳೆ. ನಮ್ಮದು ಅದರ ಹತ್ತಿರಕ್ಕೂ ಹೋಗಲಿಲ್ಲ. ಹೋಗುವಾಗ ಉಳಿದ ರೊಟ್ಟಿಯನ್ನೂ ಕಟ್ಟಿಸಿಕೊಂಡು ಹೋದಳು. ನಾನು ಬೇಡ ಅನ್ನಲಿಲ್ಲ.

ಈಗ ನಿನ್ನ ವಿಷಯ. "ಮೂರು ಚಳಿಗಾಲದಿಂದ ಅದೇ ಪೆಟ್ಟಿಗೆ, ಅಂಥದ್ದೇ ಗ್ಯಾಸಿನ ಡ್ರೈಯರ್ ನನ್ನ ಮನೆಯಲ್ಲೂ ಇದೆ, ನಾನು ಗುಂಡುಕಲ್ಲಿನ ಹಾಗಿದ್ದೀನಿ" ಅನ್ನುತ್ತೀಯ. ಯಾಕೆ ಇದ್ದೆ ಅಂತ ನಾನು ಹೇಳುತ್ತೇನೆ. ನೀನು ಡ್ರೈಯರ್ ಹಾಕಿ ಕೆರೆಯ ಮಂಜುಗಡ್ಡೆ ಮೇಲೆ ಮೀನು ಹಿಡಿಯಲು ಹೋಗಿಬಿಡುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಗಾಳಿ ತಿಳಿಯಾಗಿರುತ್ತಿತ್ತು. ಈ ವರ್ಷ ಸೊಂಟದ ಆಪರೇಷನ್ ಆಗಿದೆ, ಕೆರೆಗೆ ಹೋಗುವ ಹಾಗಿಲ್ಲ. ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಅಂಟಿಸಿಕೊಂಡು ಆ ಪುಟ್ಟ ಮನೆಯಲ್ಲಿ ಇಡೀ ದಿನ ಕೂತಿರುತ್ತೀಯ. ಹೋದ ಭಾನುವಾರ ನೀನೇ ಅಂದೆ, ನಿನ್ನೆಯಿಂದ ತಲೆ ಯಾರೋ ಹಿಂಡಿದ ಹಾಗಿದೆ, ಹವೆ ಬದಲಾಗುತ್ತೆ ಅಂತ ಕಾಣುತ್ತೆ ಅಂತ. ಹವೆ ಅಲ್ಲ ಅಪ್ಪ. ಹಿಂದಿನ ದಿನ ಶನಿವಾರ.

ಅಮ್ಮ ಹೋದಾಗ ನಾನು ಅಳುವುದಕ್ಕೆ ನೀನು ಬಿಡಲಿಲ್ಲ, ಕೆಲಸ ನೋಡು ಅಂದೆ. ನೀನು ಹೋದರೆ ಯಾರ ಮೇಲೆ ಸಿಟ್ಟು ಮಾಡಲಿ? ನನಗೆ ನೀನು ಬೇಕು. ಇಷ್ಟು ಸಿಟ್ಟಿನ ಕಾಗದದಲ್ಲಿ ಇದನ್ನು ಬೇರೆ ಹೇಗೆ ಬರೆಯಬೇಕೋ ಗೊತ್ತಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ನಿನ್ನ ಮನೆಯ ಪೆಟ್ಟಿಗೆ ನನಗೆ ನೆನಪಾಗಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. ಡಾರೆಲ್ ಕಣ್ಣು ಬಿಟ್ಟ. ಮುಖದ ಮುಸುಕನ್ನು ಕೈಯಿಂದ ಸರಿಸಿದ. ನರ್ಸ್ ಬೈದು ಮತ್ತೆ ಹಾಕಿದಳು, ಮತ್ತೆ ಸರಿಸಿದ. "ನಿಮ್ಮಪ್ಪನ ಮನೇಲೂ ಅದೇ ಇದೆ ಅಲ್ವಾ? ಫೋನ್ ಮಾಡು" ಅಂದ. ನಾನು ಫೋನ್ ಮಾಡಿದ್ದು ಅದಕ್ಕೆ. ಅವನಿಗೆ ಕುಡಿದಿದ್ದು ಇಳಿದಿಲ್ಲ ಅಂತ ನೀನು ಅಂದದ್ದೂ ಅದಕ್ಕೇ.

ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ, ಲಕೋಟೆಯ ಮೇಲೆ ಸ್ಟಾಂಪ್ ಇಲ್ಲದ್ದನ್ನು ನೋಡಿರುತ್ತೀಯ. ವೈದ್ಯರು ಡಾರೆಲ್‌ಗೆ ಒಂದು ವಾರ ರಜೆ ಬರೆದುಕೊಟ್ಟಿದ್ದಾರೆ. ನಾನೇ ಹೋಗುತ್ತೇನೆ ಅಂದೆ. "ನೀನು ಹೋದ್ರೆ ಇಬ್ಬರೂ ಕೂಗಾಡ್ತೀರಿ, ಪೆಟ್ಟಿಗೆ ಅಲ್ಲೇ ಇರುತ್ತೆ" ಅಂದ. ಬಾಗಿಲ ಕೆಳಗೆ ಕಾಗದ ತೂರಿಸಿ, ನೀನು ಓದಿ ಮುಗಿಸುವ ತನಕ ತಟ್ಟುವುದಿಲ್ಲ ಅಂತಲೂ ಹೇಳಿದ್ದಾನೆ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದೆ. ನಿನ್ನ ಬಾಗಿಲಲ್ಲಿ ನಿಂತ ಅವನ ಕೈಯಲ್ಲಿ ನಿನ್ನ ಡ್ರೈಯರ್‌ಗೆ ಹಾಕುವ ತಗಡಿನ ಕೊಳವೆ ಇದೆ.

ನೀನು ನೂರು ವರ್ಷ ಬಾಳು, ನನ್ನ ತಲೆ ತಿನ್ನುತ್ತಲೇ ಬಾಳು. ಈಗ ಎದ್ದು ಬಾಗಿಲು ತೆಗೆ.

ನಿನ್ನ ಮಗಳು,
ಮಾರ್ಲಿಸ್